ಮುಂದಿನ ಅಳತೆ ಎಲ್ಲರೂ ತರುತ್ತಾರೆ, ಹಿಂದಿನದು ಯಾರೂ ತರೋಲ್ಲ

ಸ್ಪೋರ್ಟ್ಸ್ ಕಾರಿನವರು ಅಂಗಡಿಗೆ ಬಂದರೆ ನನಗೆ ಅರ್ಧ ಖುಷಿ, ಅರ್ಧ ತಲೆನೋವು. ಖುಷಿ ಯಾಕೆಂದರೆ ಕಾರಿನ ಮೇಲೆ ಇಷ್ಟು ಜೀವ ಇಟ್ಟುಕೊಂಡಿರುವ ಗಿರಾಕಿ ಬೇರೆ ಸಿಗೋಲ್ಲ. ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೂ ಅವರಿಗೆ ನೋವಾಗುತ್ತದೆ. ತಲೆನೋವು ಯಾಕೆಂದರೆ ಅವರಲ್ಲಿ ಹೆಚ್ಚಿನವರು ಸ್ಟೀರಿಯೊವನ್ನು ಮೊದಲೇ ಆನ್‌ಲೈನಲ್ಲಿ ತರಿಸಿಕೊಂಡಿರುತ್ತಾರೆ. ಡಬ್ಬ ಬಿಚ್ಚಿ ಸೀಟಿನ ಮೇಲೆ ಇಟ್ಟು, "ಅಣ್ಣಾ, ಕನ್ಸೋಲ್ ಒಂಚೂರು ಕಟ್ ಮಾಡಿದ್ರೆ ಕೂತ್ಕೊಳುತ್ತೆ. ಅಳತೆ ನಾನೇ ತಗೊಂಡಿದ್ದೀನಿ" ಅನ್ನುತ್ತಾರೆ. ಕನ್ಸೋಲ್ ಅಂದರೆ ಡ್ಯಾಶ್‌ಬೋರ್ಡಿನ ನಡುವೆ ಸ್ಟೀರಿಯೊ ಕೂರುವ ಭಾಗ.

ಅಳತೆ ಸರಿಯಾಗಿಯೇ ಇರುತ್ತದೆ. ಅಗಲ ಇಷ್ಟು, ಎತ್ತರ ಇಷ್ಟು. ವರ್ನಿಯರ್ ಇಟ್ಟು ಅಳೆದು ಎಕ್ಸೆಲ್ ಶೀಟ್ ಮಾಡಿಕೊಂಡು ಬಂದವರೂ ಇದ್ದಾರೆ, ಬೆಂಗಳೂರು ನೋಡಿ. "ಸರಿ, ಒಳಗೆ ಎಷ್ಟು ಆಳ ಇದೆ ಸರ್?" ಅಂತ ಕೇಳಿದರೆ ಮಾತ್ರ ನನ್ನ ಮುಖ, ಡಬ್ಬದ ಮುಖ ನೋಡುತ್ತಾರೆ.

ಈ ಒಂದು ಪ್ರಶ್ನೆಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ. ವೈರಿನ ಬಣ್ಣ ಯಾವುದು, ಕ್ಲಿಪ್ ಹೇಗೆ ಬಿಚ್ಚಬೇಕು, ಅದೆಲ್ಲ ವಿಡಿಯೋ ನೋಡಿ ನೀವೇ ಕಲಿತಿರುತ್ತೀರಿ. ಆಳದ ವಿಷಯ ಮಾತ್ರ ಯಾರ ತಲೆಗೂ ಹೋಗುತ್ತಿಲ್ಲ.

ಕಾರ್ ಸ್ಟೀರಿಯೊಗೆ ಒಂದು ಅಳತೆ ಇದೆ, ಅಲ್ವಾ? ಮೊದಲು ಜರ್ಮನಿಯವರ ಡಿನ್ ಅಳತೆ, ಆಮೇಲೆ ಅದೇ ಐಎಸ್‌ಒ 7736 ಆಯಿತು. ಸಿಂಗಲ್ ಡಿನ್ ಅಂದರೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್ ಅಂದರೆ ಅಷ್ಟೇ ಅಗಲ, 100 ಎತ್ತರ. ಟೊಯೊಟದವರ ಲೆಕ್ಕ ಬೇರೆ. ಅವರ ಬಹಳಷ್ಟು ಕಾರುಗಳಲ್ಲಿ ಕಿಂಡಿ 200 ಮಿ.ಮೀ. ಅಗಲ ಇರುತ್ತದೆ, ಮಾಮೂಲಿ ಸೆಟ್ ಕೂರಿಸಿದರೆ ಎರಡೂ ಪಕ್ಕ ಪಟ್ಟಿ ಹಾಕಬೇಕು. ಇಷ್ಟೂ ಮುಖದ ಅಳತೆ. ಆಳ ಇಷ್ಟೇ ಇರಬೇಕು ಅಂತ ಗಟ್ಟಿಯಾದ ನಿಯಮ ಇಲ್ಲ. ಡಿವಿಡಿ ಪ್ಲೇಯರ್ ಇರುವ ಹಳೇ ಸೆಟ್ 160 ಮಿ.ಮೀ. ಆಸುಪಾಸು ಒಳಗೆ ಹೋಗುತ್ತದೆ. ಡಿಸ್ಕ್ ಇಲ್ಲದ ಹೊಸ ಸೆಟ್ಟುಗಳಲ್ಲಿ ಕೆಲವು ಅದರ ಅರ್ಧಕ್ಕೇ ಮುಗಿಯುತ್ತವೆ. ಎರಡೂ ಡಬ್ಬದ ಮೇಲೆ "ಡಬಲ್ ಡಿನ್" ಅಂತಲೇ ಬರೆದಿರುತ್ತದೆ.

ಆಳ ಅಂದರೆ ಬರೀ ಸೆಟ್ಟಿನ ಆಳವೂ ಅಲ್ಲ. ಅದರ ಬೆನ್ನಿಗೆ ಏನೇನು ಚುಚ್ಚುತ್ತೇವೆ ನೋಡಿ. ಪವರ್ ಕಪ್ಲರ್ (ವೈರು ಜೋಡಿಸುವ ಪ್ಲಗ್), ಆಂಟೆನಾ ಜಾಕ್, ರಿವರ್ಸ್ ಕ್ಯಾಮೆರಾದ ಪಿನ್, ಎರಡು ಯುಎಸ್‌ಬಿ, ಜಿಪಿಎಸ್, ಮೈಕು. ಸ್ಟೀರಿಂಗ್ ಮೇಲಿನ ಬಟನ್ ಕೆಲಸ ಮಾಡಬೇಕು ಅಂದರೆ ಬೆಂಕಿಪೊಟ್ಟಣಕ್ಕಿಂತ ದೊಡ್ಡದಾದ ಒಂದು ಕ್ಯಾನ್‌ಬಸ್ ಬಾಕ್ಸ್, ಅಂದರೆ ಕಾರಿನ ಸಿಗ್ನಲ್ಲನ್ನು ಸೆಟ್ಟಿಗೆ ಅರ್ಥವಾಗುವ ಹಾಗೆ ಮಾಡುವ ಡಬ್ಬ. ಇವು ಯಾವುದೂ ಹಿಂದಿನಿಂದ ನೇರವಾಗಿ ಗಾಳಿಯಲ್ಲಿ ಮಾಯವಾಗೋಲ್ಲ. ಪಿನ್ ಹೊರಗೆ ಬಂದು, ವೈರು ಬಾಗಿ, ಪಕ್ಕಕ್ಕೆ ತಿರುಗಬೇಕು. ಅದಕ್ಕೆ ಸೆಟ್ಟಿನ ಬೆನ್ನಿನಿಂದ ಕಡಿಮೆ ಅಂದರೂ 4–5 ಸೆಂ.ಮೀ. ಬೇಕು. ಸೆಟ್ 16 ಸೆಂ.ಮೀ. ಇದ್ದರೆ ನಿಮಗೆ ಬೇಕಾಗಿರುವುದು 20ಕ್ಕಿಂತ ಮೇಲೆ.

ಮನೆಯ ಹ್ಯಾಚ್‌ಬ್ಯಾಕ್‌ನಲ್ಲಿ ಇದು ತೊಂದರೆಯೇ ಅಲ್ಲ. ಡ್ಯಾಶ್ ಎತ್ತರ, ಒಳಗೆ ಕೈ ಹಾಕಿ ಆಡಿಸುವಷ್ಟು ಜಾಗ. ಸ್ಪೋರ್ಟ್ಸ್ ಕಾರಿನಲ್ಲಿ ಎಲ್ಲವೂ ತಗ್ಗು. ಡ್ಯಾಶ್ ತಗ್ಗು, ಗಾಜು ಮಲಗಿರುತ್ತದೆ. ಎಂಜಿನ್ ಮುಂದಿರುವ ಕಾರಾದರೆ ತೂಕ ಮಧ್ಯಕ್ಕೆ ಬರಲಿ ಅಂತ ಅದನ್ನು ಹಿಂದಕ್ಕೆ ತಳ್ಳಿರುತ್ತಾರೆ, ಕ್ಯಾಬಿನ್ ಗೋಡೆ ನಿಮ್ಮ ಕಾಲ ಹತ್ತಿರ ಬಂದಿರುತ್ತದೆ. ಇರುವ ಅಷ್ಟು ಜಾಗದಲ್ಲೇ ಎಸಿಯ ಡಬ್ಬ, ಹೀಟರ್, ಗಾಳಿ ಹೋಗುವ ನಡುವಿನ ಡಕ್ಟ್, ಸ್ಟೀರಿಂಗ್ ಹಿಡಿದಿರುವ ಕಬ್ಬಿಣದ ಬೀಮ್. ಹಾಗಾಗಿ ಕನ್ಸೋಲಿನ ಮುಖ ಎಷ್ಟೇ ದೊಡ್ಡದಾಗಿ ಕಂಡರೂ ಹಿಂದೆ ಗೋಡೆ ಸಿಕ್ಕಿಬಿಡುತ್ತದೆ.

ಗೋಡೆ ಸಿಕ್ಕಮೇಲೂ ತುರುಕುವವರು ಇದ್ದಾರೆ. ಬೇರೆ ಕಡೆ ಹಾಕಿಸಿ, ಆಮೇಲೆ ನನ್ನ ಹತ್ತಿರ ತಂದ ಕಾರುಗಳನ್ನು ನೋಡಿದರೆ ಗೊತ್ತಾಗುತ್ತದೆ. ಸ್ಕ್ರೀನ್ ಫ್ರೇಮಿನಿಂದ ಎರಡು ಮೂರು ಮಿ.ಮೀ. ಎದ್ದಿರುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಮೆಲ್ಲಗೆ ವಾಪಸ್ ಬರುತ್ತದೆ. ಹಿಂದೆ ವೈರಿನ ಗಂಟು ಅದನ್ನು ತಳ್ಳುತ್ತಾ ಇರುತ್ತದೆ. ಗಿರಾಕಿಯ ದೂರು ಬೇರೆಯೇ: "ಹಂಪ್ ಹತ್ತಿದ್ರೆ ಫೋನ್ ಕನೆಕ್ಷನ್ ಹೋಗುತ್ತೆ ಸರ್, ಸಾಫ್ಟ್‌ವೇರ್ ಅಪ್‌ಡೇಟ್ ಮಾಡ್ಬೇಕಾ?" ಸಾಫ್ಟ್‌ವೇರ್ ಅಲ್ಲ ಸ್ವಾಮಿ, ಯುಎಸ್‌ಬಿ ಪಿನ್ ಡೊಂಕಾಗಿ ಗೋಡೆಗೆ ಒತ್ತಿಕೊಂಡಿದೆ. ಇದಾದರೂ ಪರವಾಗಿಲ್ಲ. ಬೀಮಿನ ಅಂಚಿಗೂ ಸೆಟ್ಟಿಗೂ ನಡುವೆ ಪವರ್ ವೈರು ಸಿಕ್ಕಿಕೊಂಡರೆ ದಿನಾ ಒಂಚೂರು ಸವೆಯುತ್ತದೆ. ಒಂದು ದಿನ ಒಳಗಿನ ತಾಮ್ರ ಬೀಮಿಗೆ ತಾಗುತ್ತದೆ. ಸರಿಯಾದ ಫ್ಯೂಸ್ ಇದ್ದರೆ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಕೊಳ್ಳಬೇಕು ಅಂದುಕೊಂಡಿರುವ ಸೆಟ್ಟಿನ ಮೂರೂ ಅಳತೆ ಅದರ ಮ್ಯಾನ್ಯುವಲ್‌ನಲ್ಲಿ ಇರುತ್ತದೆ. ಅದೇ ಅಳತೆಗೆ ರಟ್ಟಿನ ಡಬ್ಬ ಕತ್ತರಿಸಿ ಅಂಟಿಸಿ. ಆಳಕ್ಕೆ ಮಾತ್ರ 5 ಸೆಂ.ಮೀ. ಜಾಸ್ತಿ ಸೇರಿಸಿ. ಹಳೇ ಸೆಟ್ ಬಿಚ್ಚಿಸಿ ಆ ರಟ್ಟನ್ನು ತಳ್ಳಿ ನೋಡಿ. ಫ್ರೇಮಿನ ಮಟ್ಟಕ್ಕೆ ಸುಮ್ನೆ ಹೋಗಿ ಕೂತರೆ ಸರಿ. ಎಲ್ಲಾದರೂ ತಡೆದರೆ ಟಾರ್ಚ್ ಹಾಕಿ ಏನು ತಡೆಯಿತು ಅಂತ ನೋಡಿ. ಪ್ಲಾಸ್ಟಿಕ್ಕಿನ ಪಕ್ಕೆಲುಬು ತಡೆದಿದ್ದರೆ ಮಾತಾಡಬಹುದು. ಎಸಿ ಡಕ್ಟ್ ತಡೆದಿದ್ದರೆ ನಾನು ಕೈ ಹಾಕೋಲ್ಲ. ಡಕ್ಟಿನ ಹೊಟ್ಟೆ ಸ್ವಲ್ಪ ಕೆರೆದರೆ ಏನಾಗುತ್ತೆ ಅನ್ನುತ್ತಾರೆ. ತಣ್ಣನೆ ಗಾಳಿ ಮುಖಕ್ಕೆ ಬರುವ ಬದಲು ಡ್ಯಾಶ್ ಒಳಗೆ ಸೋರುತ್ತದೆ, ಮಳೆಗಾಲದಲ್ಲಿ ಅಲ್ಲೇ ನೀರು ಕಟ್ಟುತ್ತದೆ, ಕೆಳಗಿರುವುದು ನಿಮ್ಮ ಹೊಸ ಸೆಟ್ಟು. ಬೀಮ್ ತಡೆದಿದ್ದರೆ ಆ ಮಾತು ಅಲ್ಲಿಗೇ ಬಿಡಿ. ಸ್ಟೀರಿಂಗ್ ನಿಂತಿರುವುದು ಅದರ ಮೇಲೆ. ಗ್ರೈಂಡರ್ ಹಿಡಿದು ಅದನ್ನು ಕೆರೆಯುವವರಿಗೆ ಕಾರು ಕೊಡಬೇಡಿ, ಎಷ್ಟೇ ಕಡಿಮೆ ರೇಟ್ ಹೇಳಿದರೂ.

ಏರ್‌ಬ್ಯಾಗಿನ ಕಂಟ್ರೋಲ್ ಡಬ್ಬ ಬಹಳ ಕಾರುಗಳಲ್ಲಿ ಇದೇ ಕನ್ಸೋಲಿನ ಕೆಳಗೆ, ನಡುವಿನ ದಿಬ್ಬದ ಮೇಲೆ ಕೂತಿರುತ್ತದೆ. ಆ ದಿಬ್ಬಕ್ಕೆ ಸ್ಕ್ರೂ ಹೊಡೆಯುವ ಮುಂಚೆ ಕೆಳಗೆ ಏನಿದೆ ಅಂತ ನೋಡಲೇಬೇಕು. ಬ್ಯಾಟರಿಯ ನೆಗೆಟಿವ್ ತೆಗೆದ ತಕ್ಷಣ ಏರ್‌ಬ್ಯಾಗ್ ಕಪ್ಲರ್ ಮುಟ್ಟಬಾರದು, ಒಳಗೆ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಎಷ್ಟು ಹೊತ್ತು ಕಾಯಬೇಕು ಅನ್ನುವುದು ಕಾರಿನಿಂದ ಕಾರಿಗೆ ಬೇರೆ, ಕಂಪನಿಯ ಸರ್ವಿಸ್ ಮ್ಯಾನ್ಯುವಲ್ ಹೇಳಿದ್ದೇ ಕೊನೆ ಮಾತು. ವಾರಂಟಿ ಇರುವ ಕಾರಾದರೆ ಡೀಲರನ್ನು ಮೊದಲೇ ಕೇಳಿ, ಬರವಣಿಗೆಯಲ್ಲಿ ಕೇಳಿ.

ಇನ್ನು ಗೇರ್. ಮ್ಯಾನ್ಯುವಲ್ ಕಾರಿನವರು ಸ್ಕ್ರೀನಿನ ಜಾಗ ನೋಡುವಾಗ ಗೇರ್ ಲಿವರ್ ನ್ಯೂಟ್ರಲ್‌ನಲ್ಲಿ ಇರುತ್ತದೆ. ಎಲ್ಲಾ ಚೆನ್ನಾಗಿ ಕಾಣುತ್ತದೆ. ಮೂರನೇ ಗೇರಿಗೆ ಹಾಕಿ ನೋಡಿ. ಲಿವರ್ ನೇರ ಮುಂದೆ ಬಂದು ಕನ್ಸೋಲ್ ಹತ್ತಿರ ನಿಲ್ಲುತ್ತದೆ. ಈಗ ಲಿವರ್ ತುದಿ ಮಾತ್ರ ನೋಡಬೇಡಿ, ಅದನ್ನು ಹಿಡಿದ ನಿಮ್ಮ ಬೆರಳ ಗಿಣ್ಣು ನೋಡಿ. ಮುಂದಕ್ಕೆ ಚಾಚಿಕೊಂಡ ಹತ್ತು ಇಂಚಿನ ಸ್ಕ್ರೀನ್ ಹಾಕಿಸಿಕೊಂಡ ಒಬ್ಬರಿಗೆ ಪ್ರತಿ ಸಲ ಮೂರನೇ ಗೇರ್ ಹಾಕಿದಾಗಲೂ ಹಾಡು ಬದಲಾಗುತ್ತಿತ್ತು. ಅವರು ಅದನ್ನೂ ಸಾಫ್ಟ್‌ವೇರ್ ತೊಂದರೆ ಅಂತಲೇ ತಂದಿದ್ದರು.

ಸಾಫ್ಟ್‌ವೇರ್ ಅಂದಾಗ ನೆನಪಾಯಿತು. ಐಟಿ ಕಂಪನಿಗಳೇ ತುಂಬಿರುವ ವೈಟ್‌ಫೀಲ್ಡಿನಿಂದ ಒಬ್ಬ ಹುಡುಗ ಬರುತ್ತಿದ್ದ, ಬಲು ಜಾಣ, ಮಾತು ಕಡಿಮೆ. ಮನೆಯಲ್ಲೇ 3ಡಿ ಪ್ರಿಂಟರ್ ಇತ್ತು. ತನ್ನ ಕಾರಿನ ಕನ್ಸೋಲಿಗೆ ತಾನೇ ಫ್ರೇಮ್ ಡಿಸೈನ್ ಮಾಡಿ, ಪ್ರಿಂಟ್ ಹಾಕಿ, ಉಪ್ಪುಕಾಗದ ಹಿಡಿದು ಉಜ್ಜಿ, ಕಪ್ಪು ಬಣ್ಣ ಹೊಡೆದು ತಂದಿದ್ದ. ಎಂಥ ಫಿನಿಶಿಂಗ್ ಅಂದರೆ ನಮ್ಮ ಅಂಗಡಿ ಹುಡುಗರು ಕೆಲಸ ಬಿಟ್ಟು ಬಂದು ನೋಡಿದರು. ಆಳವನ್ನೂ ಅಳೆದಿದ್ದ ಪುಣ್ಯಾತ್ಮ! ನಾನು ಕೇಳಿದ್ದು ಒಂದೇ: ಯಾವ ಪ್ಲಾಸ್ಟಿಕ್? ಪಿಎಲ್‌ಎ ಅಂದ. ಪಿಎಲ್‌ಎ 60 ಡಿಗ್ರಿಗೆಲ್ಲ ಮೆತ್ತಗಾಗಲು ಶುರು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್ 70 ಮುಟ್ಟುವುದು ದೊಡ್ಡ ವಿಷಯವಲ್ಲ, ಅದರ ಮೇಲೆ ಸೆಟ್ಟಿನದೇ ಶಾಖ ಬೇರೆ. ಬೆಂಗಳೂರಿನ ಬೇಸಿಗೆ ಏನು ಮಹಾ ಅನ್ನಬೇಡಿ, ಗಾಜು ಮುಚ್ಚಿದ ಕಾರಿಗೆ ಊರು ಯಾವುದಾದರೇನು. ಅದೇ ಡಿಸೈನನ್ನು ಎಬಿಎಸ್ ಅಥವಾ ಎಎಸ್‌ಎನಲ್ಲಿ ಪ್ರಿಂಟ್ ಹಾಕಿಸು, ಅವು ಸುಮಾರು 100 ಡಿಗ್ರಿವರೆಗೆ ತಡೆಯುತ್ತವೆ ಅಂದೆ. ಮುಖ ಸ್ವಲ್ಪ ಬಾಡಿತು, ಆದರೆ ಮಾಡಿಸಿಕೊಂಡು ಬಂದ. ಈಗಲೂ ಅದೇ ಫ್ರೇಮ್ ಇದೆ, ಒಂದು ಕೂದಲೆಳೆಯೂ ಬಾಗಿಲ್ಲ. ಫೈಬರ್ ಮತ್ತು ಪುಟ್ಟಿಯಲ್ಲಿ ಮಾಡುವ ನಮ್ಮ ಕೆಲಸಕ್ಕಿಂತ ಅವನದು ಚೆನ್ನಾಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ, ಆದರೆ ಅವನ ಎದುರಿಗೆ ಹೇಳಿಲ್ಲ.

ಕೂರಿಸಿದ ಮೇಲೆ ಬರುವ ಎರಡು ದೂರು ಬೇಗ ಹೇಳಿಬಿಡುತ್ತೇನೆ. ಒಂದು, ಎಫ್‌ಎಂ ಬರೋಲ್ಲ ಅನ್ನುವುದು. ಆಡಿ ಟಿಟಿಯಂಥ ಕಾರುಗಳಲ್ಲಿ ಆಂಟೆನಾಗೆ ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಕರೆಂಟ್ ಹೋಗುವುದು ಹಳೇ ಸೆಟ್ಟಿನಿಂದ, ಅದೇ ಆಂಟೆನಾ ವೈರಿನ ಮೂಲಕ. ಹೊಸ ಸೆಟ್ ಅದನ್ನು ಕೊಡೋಲ್ಲ. ಫ್ಯಾಂಟಮ್ ಪವರ್, ಅಂದರೆ ಆಂಟೆನಾ ವೈರಿನಲ್ಲೇ ಕರೆಂಟ್ ಕಳಿಸುವ ಅಡಾಪ್ಟರ್ ಹಾಕಿದರೆ ಕೆಲಸ ಮುಗಿಯಿತು. ಇನ್ನೊಂದು, ಬ್ಯಾಟರಿ. ಈ ಕಾರುಗಳು ವಾರಗಟ್ಟಲೆ ಬೇಸ್‌ಮೆಂಟಿನಲ್ಲಿ ನಿಂತಿರುತ್ತವೆ. ಸೆಟ್ಟಿನ ಹಳದಿ ವೈರಿಗೆ ಯಾವಾಗಲೂ ಕರೆಂಟ್ ಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಎರಡನ್ನೂ ಒಟ್ಟಿಗೆ ಕಟ್ಟಿ ನೇರ ಬ್ಯಾಟರಿ ಲೈನಿಗೆ ಕೊಟ್ಟಿದ್ದರೆ ಸೆಟ್ ನಿದ್ದೆಯನ್ನೇ ಮಾಡೋಲ್ಲ. ಕಾರು ಆಫ್ ಆದಾಗ ಬರೀ 200 ಮಿಲಿಆಂಪ್ ಎಳೆದರೂ ದಿನಕ್ಕೆ 4.8 ಆಂಪಿಯರ್-ಅವರ್ ಆಯಿತು. 60ರ ಬ್ಯಾಟರಿ ಲೆಕ್ಕದ ಪ್ರಕಾರ ಹನ್ನೆರಡೇ ದಿನಕ್ಕೆ ಬರಿದು. ಸ್ಟಾರ್ಟ್ ಆಗದೆ ಇರಲು ಅಷ್ಟು ದಿನವೂ ಬೇಕಿಲ್ಲ.

ಹಳೇ ಸ್ಯಾನ್ ಸ್ಟಾರ್ಮ್ ಇಟ್ಟುಕೊಂಡವರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಪುಟ್ಟ ಕಾರು, ರೆನೊ ಎಂಜಿನ್, ಬಾಡಿ ಪೂರ್ತಿ ಫೈಬರ್. ಆ ಕಾರು ನೋಡಿದರೆ ನನಗೆ ಯಾಕೋ ಅಕ್ಕರೆ. ಅದರಲ್ಲಿ ಎಲ್ಲಿ ಸಿಕ್ಕಿತೋ ಅಲ್ಲಿ ಕಾರಿನ ಮೈಗೆ ಅರ್ತ್ (ನೆಗೆಟಿವ್) ವೈರು ಕೊಡುತ್ತೇನೆ ಅಂದರೆ ನಡೆಯೋಲ್ಲ, ಫೈಬರ್‌ನಲ್ಲಿ ಕರೆಂಟ್ ಹರಿಯೋಲ್ಲವಲ್ಲ. ಕಪ್ಪು ವೈರನ್ನು ಬ್ಯಾಟರಿ ನೆಗೆಟಿವ್‌ವರೆಗೆ ಎಳೆಯಬೇಕು. ಆಂಟೆನಾ ಕೆಳಗೂ ತಗಡು ಇಲ್ಲದ ಕಾರಣ ಎಫ್‌ಎಂ ಕೂಡ ಸ್ವಲ್ಪ ಮುನಿಸಿಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕೆಲವರು, "ಹಾಗಾದ್ರೆ ಬೇಡ ಅಂತೀರಾ?" ಅಂತ ಕೇಳುತ್ತಾರೆ. ಹೊಸ ಕಾರಿನವರಿಗೆ ಬಹಳ ಸಲ ಹೌದು, ಬೇಡ ಅನ್ನುತ್ತೇನೆ. ಈಗಿನ ಕಾರುಗಳಲ್ಲಿ ಸ್ಕ್ರೀನ್ ಅಂದರೆ ಬರೀ ಹಾಡಲ್ಲ, ಕಾರಿನ ಸೆಟ್ಟಿಂಗ್, ಕ್ಯಾಮೆರಾ ಎಲ್ಲಾ ಅದರೊಳಗೆ. ಅದನ್ನು ಕಿತ್ತರೆ ದಿಂಬಿನ ಕವರಿಗೆ ಹಾಸಿಗೆ ತುರುಕಿದ ಹಾಗೆ ಒಂದೊಂದೇ ಮೂಲೆ ಹೊರಗೆ ಬರುತ್ತಾ ಹೋಗುತ್ತದೆ. ನಿಮಗೆ ಬೇಕಾಗಿರುವುದು ಒಳ್ಳೇ ಸೌಂಡ್ ಆದರೆ ಸ್ಕ್ರೀನ್ ಹಾಗೇ ಬಿಡಿ, ಅದರ ಸಿಗ್ನಲ್ ತೆಗೆದು ಸೌಂಡ್ ತಿದ್ದುವ ಒಂದು ಡಿಎಸ್‌ಪಿ, ಒಂದು ಆಂಪ್ಲಿಫೈಯರ್ ಹಾಕಿಸಿ, ಬಾಗಿಲ ಸ್ಪೀಕರ್ ಬದಲಾಯಿಸಿ. ಕನ್ಸೋಲಿಗೆ ಗರಗಸ ತಾಗಿಸುವ ಅಗತ್ಯವೇ ಬರೋಲ್ಲ. ಬೆಲೆ ಸೆಟ್ಟಿಗಿಂತ ಜಾಸ್ತಿ ಆಗಬಹುದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಳೇ ಕಾರಿನವರು, ಕಟ್ ಮಾಡಲೇಬೇಕು ಅಂತ ಹಟ ಹಿಡಿದವರು, ಒರಿಜಿನಲ್ ಪ್ಯಾನಲ್ ಮಾತ್ರ ಕಟ್ ಮಾಡಿಸಬೇಡಿ. ಗುಜರಿಯಲ್ಲೋ ಆನ್‌ಲೈನಲ್ಲೋ ಅದೇ ಮಾಡೆಲ್ಲಿನ ಇನ್ನೊಂದು ಪ್ಯಾನಲ್ ಹುಡುಕಿ ತನ್ನಿ, ಬಿರುಕಿದ್ದರೂ ಪರವಾಗಿಲ್ಲ, ಹೇಗೂ ಕತ್ತರಿಸುವುದು ತಾನೇ. ನಿಮ್ಮ ಕಾರಿನದನ್ನು ಬಟ್ಟೆ ಸುತ್ತಿ, ಕ್ಲಿಪ್‌ಗಳನ್ನು ಒಂದು ಕವರಿಗೆ ಹಾಕಿ ಅದಕ್ಕೇ ಕಟ್ಟಿ, ಮನೆಯ ಅಟ್ಟದಲ್ಲಿಡಿ. ಡಿಕ್ಕಿಯಲ್ಲಿ ಬೇಡ, ಶಾಖಕ್ಕೆ ಅಲ್ಲೇ ತಿರುಚಿಕೊಳ್ಳುತ್ತದೆ. ಮುಂದೆ ಕಾರು ಮಾರುವಾಗ ಕೊಳ್ಳುವವರು ಅದನ್ನು ಕೇಳೇ ಕೇಳುತ್ತಾರೆ. ಮತ್ತೆ, ಬರುವಾಗ ರಟ್ಟಿನ ಡಬ್ಬ ತನ್ನಿ. ಸೆಟ್ ಕೊಳ್ಳುವುದು ಆಮೇಲಾಯಿತು.