ಧ್ರುವೀಯ ಅಣು ನೀರಿನಲ್ಲಿ ಕರಗಲೇಬೇಕೆ?

ಬೊಮ್ಮಸಂದ್ರ, ಜಿಗಣಿ, ಪೀಣ್ಯದ ಔಷಧ ಕಾರ್ಖಾನೆಗಳಿಗೆ ಕೆಲಸ ಕೇಳಿಕೊಂಡು ಬರುವ ರಸಾಯನ ವಿಜ್ಞಾನದ ಪದವೀಧರರಿಗೆ ಒಂದು ಸೂತ್ರ ಬಾಯಿಪಾಠವಾಗಿರುತ್ತದೆ: ಧ್ರುವೀಯ ವಸ್ತು ಧ್ರುವೀಯ ದ್ರಾವಕದಲ್ಲಿ, ಅಧ್ರುವೀಯ ವಸ್ತು ಅಧ್ರುವೀಯ ದ್ರಾವಕದಲ್ಲಿ ಕರಗುತ್ತದೆ. ಅಣುವಿನ ಇಲೆಕ್ಟ್ರಾನ್‌ಗಳು ಒಂದು ಬದಿಗೆ ಹೆಚ್ಚು ವಾಲಿದ್ದರೆ ಅದು ಧ್ರುವೀಯ, ಸಮವಾಗಿ ಹರಡಿದ್ದರೆ ಅಧ್ರುವೀಯ. ಸೂತ್ರ ಸುಳ್ಳಲ್ಲ. ಹೆಕ್ಸೇನ್ ಎಂಬ ಅಧ್ರುವೀಯ ದ್ರವ ನೀರಿನೊಂದಿಗೆ ಬೆರೆಯದಿರುವುದನ್ನೂ, ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿಗಿಂತ ಒಗ್ಗರಣೆಯ ಎಣ್ಣೆಯಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುವುದನ್ನೂ ಅದು ವಿವರಿಸುತ್ತದೆ. ಆದರೆ ಅದೊಂದನ್ನೇ ನಂಬಿ ಸಿರಪ್ ರೂಪಿಸಲು ಹೊರಟವರು ಬೇಗನೆ ಎಡವುತ್ತಾರೆ.

ನೈಟ್ರೋಬೆಂಜೀನ್ ಮತ್ತು 1,4-ಡಯಾಕ್ಸೇನ್ ಎಂಬ ಎರಡು ದ್ರವಗಳನ್ನು ಹೋಲಿಸಿದರೆ ತೊಡಕು ಎಲ್ಲಿದೆಯೆಂದು ತಿಳಿಯುತ್ತದೆ. ಅಣುವಿನ ಒಟ್ಟು ಧ್ರುವೀಯತೆಯ ಅಳತೆಯಾದ ಡೈಪೋಲ್ ಮೊಮೆಂಟ್ ನೀರಿಗೆ 1.85 ಡಿಬೈ. ನೈಟ್ರೋಬೆಂಜೀನಿಗೆ ಅದರ ಎರಡು ಪಟ್ಟಿಗೂ ಮಿಗಿಲು, ಸುಮಾರು 4.2. ಡಯಾಕ್ಸೇನಿಗೆ ಅರ್ಧ ಡಿಬೈ ಕೂಡ ಇಲ್ಲ. ಹಾಗಿದ್ದೂ ನೈಟ್ರೋಬೆಂಜೀನ್ ಒಂದು ಲೀಟರ್ ನೀರಿನಲ್ಲಿ ಸುಮಾರು 2 ಗ್ರಾಂ ಮಾತ್ರ ಕರಗಿ ಉಳಿದದ್ದು ತಳಕ್ಕಿಳಿಯುತ್ತದೆ, ಡಯಾಕ್ಸೇನ್ ಎಷ್ಟು ಸುರಿದರೂ ನೀರಿನಲ್ಲಿ ಬೆರೆತುಹೋಗುತ್ತದೆ. ಡಯಾಕ್ಸೇನಿನ ಉಂಗುರದಲ್ಲಿ ಎರಡು ಆಕ್ಸಿಜನ್‌ಗಳು ಎದುರುಬದುರಾಗಿರುವುದರಿಂದ ಒಂದರ ಸೆಳೆತವನ್ನು ಇನ್ನೊಂದು ಕಳೆದುಹಾಕಿ, ಮೊತ್ತ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ನೀರಿನ ಅಣುವಿಗೆ ಈ ಮೊತ್ತದ ಗೊಡವೆಯಿಲ್ಲ. ಅದಕ್ಕೆ ಎದುರಾಗುವುದು ಪಕ್ಕದಲ್ಲಿರುವ ಒಂದು ಆಕ್ಸಿಜನ್ ಮತ್ತು ಬಂಧದಲ್ಲಿ ತೊಡಗದ ಅದರ ಇಲೆಕ್ಟ್ರಾನ್ ಜೋಡಿ. ನೀರಿನ ಹೈಡ್ರೋಜನ್ ಆ ಜೋಡಿಯತ್ತ ಸೆಳೆಯಲ್ಪಟ್ಟು ಉಂಟಾಗುವ ಹೈಡ್ರೋಜನ್ ಬಂಧಕ್ಕೆ ಅಷ್ಟು ಸಾಕು. ನೈಟ್ರೋ ಗುಂಪಿನ ಆಕ್ಸಿಜನ್‌ಗಳು ಅಂಥ ಬಂಧವನ್ನು ದುರ್ಬಲವಾಗಿಯಷ್ಟೇ ಸ್ವೀಕರಿಸುತ್ತವೆ, ಜೊತೆಗೆ ಇಡೀ ಬೆಂಜೀನ್ ಉಂಗುರಕ್ಕೆ ನೀರಿನ ನಡುವೆ ಜಾಗ ಮಾಡಬೇಕಾಗುತ್ತದೆ.

ಈ ಜಾಗ ಮಾಡುವ ವೆಚ್ಚವೇ ಆಲ್ಕೊಹಾಲ್‌ಗಳ ಸಾಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎಥನಾಲ್ ಮತ್ತು ಪ್ರೊಪನಾಲ್ ನೀರಿನೊಂದಿಗೆ ಪೂರ್ತಿ ಬೆರೆಯುತ್ತವೆ, 1-ಬ್ಯುಟನಾಲ್ ಲೀಟರಿಗೆ ಸುಮಾರು 70 ಗ್ರಾಂ, 1-ಹೆಕ್ಸನಾಲ್ ಸುಮಾರು 6 ಗ್ರಾಂ, 1-ಆಕ್ಟನಾಲ್ ಅರ್ಧ ಗ್ರಾಂನಷ್ಟು ಕರಗುತ್ತದೆ. ಎಲ್ಲಕ್ಕೂ ಇರುವುದು ಒಂದೇ ಹೈಡ್ರಾಕ್ಸಿಲ್ (ಆಕ್ಸಿಜನ್-ಹೈಡ್ರೋಜನ್) ಗುಂಪು, ಡೈಪೋಲ್ ಮೊಮೆಂಟ್ ಕೂಡ ಹೆಚ್ಚುಕಡಿಮೆ ಒಂದೇ. ಉದ್ದವಾಗುತ್ತ ಹೋಗುವುದು ಕಾರ್ಬನ್ ಸರಪಳಿ ಮಾತ್ರ.

ಘನವಸ್ತುವಾದರೆ ಹರಳಿನ ಬಿಗಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮ್ಯಾಲೇಯಿಕ್ ಮತ್ತು ಫ್ಯೂಮರಿಕ್ ಆಮ್ಲಗಳು ಒಂದೇ ಪರಮಾಣುಗಳಿಂದಾದ ಜ್ಯಾಮಿತೀಯ ಸಮಾಂಗಿಗಳು. ಆಮ್ಲಗುಂಪುಗಳು ಒಂದೇ ಬದಿಗಿರುವ ಮ್ಯಾಲೇಯಿಕ್ ಆಮ್ಲ 100 ಮಿಲಿ ನೀರಿನಲ್ಲಿ 70 ಗ್ರಾಂಗೂ ಹೆಚ್ಚು ಕರಗುತ್ತದೆ. ಗುಂಪುಗಳು ಎದುರುಬದಿಗಿರುವ ಫ್ಯೂಮರಿಕ್ ಆಮ್ಲ ಒಂದು ಗ್ರಾಂ ಕೂಡ ಕರಗುವುದಿಲ್ಲ, ಏಕೆಂದರೆ ಅದರ ಅಣುಗಳು ಹರಳಿನೊಳಗೆ ಪರಸ್ಪರ ಹೈಡ್ರೋಜನ್ ಬಂಧಗಳಿಂದ ಬಿಗಿದುಕೊಂಡಿರುತ್ತವೆ.

ನೋವುನಿವಾರಕ ಐಬುಪ್ರೊಫೆನ್‌ನಂಥ ಆಮ್ಲಗಳಲ್ಲಿ ಅಣು ವಿದ್ಯುದಂಶ ಪಡೆದು ಅಯಾನಾದರೆ ಕರಗುವಿಕೆ ಹಲವು ಪಟ್ಟು ಏರುತ್ತದೆ, ಹಾಗಾಗಿ ಅದನ್ನು ಸೋಡಿಯಂ ಲವಣವಾಗಿಸುವ ದಾರಿಯಿದೆ. ಪ್ಯಾರಸಿಟಮಾಲ್‌ಗೆ ಈ ದಾರಿ ಸುಲಭವಲ್ಲ. ಅದು 25 ಡಿಗ್ರಿಯಲ್ಲಿ ಲೀಟರ್ ನೀರಿಗೆ ಸುಮಾರು 14 ಗ್ರಾಂ ಕರಗುತ್ತದೆ, ಆದರೆ 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವ ಮಕ್ಕಳ ಔಷಧಕ್ಕೆ ಲೀಟರಿಗೆ 25 ಗ್ರಾಂ ಬೇಕು. ಒಂದೋ ಪುಡಿಯನ್ನು ತೇಲಿಸಿಟ್ಟ ಸಸ್ಪೆನ್ಷನ್ ಮಾಡಬೇಕು, ಇಲ್ಲವೇ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್‌ನಂಥ ಸಹದ್ರಾವಕ, ಅಂದರೆ ನೀರಿನ ಜೊತೆಗೂಡಿ ಔಷಧವನ್ನು ಕರಗಿಸುವ ಇನ್ನೊಂದು ದ್ರವ, ಸೇರಿಸಬೇಕು.

ಧ್ರುವೀಯತೆಯ ಲೆಕ್ಕ ಏನನ್ನು ಹೇಳುವುದಿಲ್ಲವೆಂಬುದು ಇಲ್ಲಿಯೇ ಮುಖ್ಯವಾಗುತ್ತದೆ. ಪ್ರೊಪಿಲೀನ್ ಗ್ಲೈಕಾಲ್‌ನಂತೆ ಡೈಎಥಿಲೀನ್ ಗ್ಲೈಕಾಲ್‌ಗೂ ಎರಡು ಹೈಡ್ರಾಕ್ಸಿಲ್ ಗುಂಪುಗಳಿವೆ, ಅದೂ ಬಣ್ಣವಿಲ್ಲದ ದ್ರವ, ನೀರಿನೊಂದಿಗೆ ಪೂರ್ತಿ ಬೆರೆಯುತ್ತದೆ, ಕರಗದ ಔಷಧಗಳನ್ನು ಕರಗಿಸುತ್ತದೆ. ಆದರೆ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ಬ್ಯಾಕ್ಟೀರಿಯಾ ನಿರೋಧಕ ಔಷಧವನ್ನು ಅದರಲ್ಲಿ ಕರಗಿಸಿ ಮಾರಿದಾಗ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಆದ್ದರಿಂದ ಗ್ಲೈಕಾಲ್ ಬಂದ ಪ್ರತಿ ಡ್ರಮ್ಮಿನಿಂದಲೂ ಮಾದರಿ ತೆಗೆದು, ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿಲ್ಲವೆಂದು ಗ್ಯಾಸ್ ಕ್ರೊಮ್ಯಾಟೋಗ್ರಫಿಯ (ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಗುರುತಿಸುವ ಪರೀಕ್ಷೆಯ) ಫಲಿತಾಂಶ ಕೈಗೆ ಬರುವವರೆಗೆ ಮುಚ್ಚಳ ತೆರೆಯಕೂಡದೆಂದು ತಯಾರಿಕಾ ವಿಭಾಗಕ್ಕೆ ನಾನು ಕಡ್ಡಾಯವಾಗಿ ಹೇಳುತ್ತೇನೆ.