ಬಿಟ್ಟುಕೊಡಲು ಹೊರಟಿದ್ದ ದ್ವೀಪಕ್ಕೆ 74 ದಿನದ ಯುದ್ಧ

ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ ಆಳುವ ಫಾಕ್‌ಲ್ಯಾಂಡ್ ದ್ವೀಪಗಳಿಗೆ 1972ರಲ್ಲಿ ಮೊದಲ ತಾತ್ಕಾಲಿಕ ರನ್‌ವೇ ಹಾಕಿಕೊಟ್ಟದ್ದು ಬ್ರಿಟನ್ ಅಲ್ಲ, ಅರ್ಜೆಂಟೀನಾ. ಅಲ್ಲಿನವರಿಗೆ ಕಾಯಿಲೆ ಜೋರಾದರೆ ಅರ್ಜೆಂಟೀನಾದ ಆಸ್ಪತ್ರೆ, ಗಾಡಿಗೆ ಬೇಕಾದ ಎಣ್ಣೆಯೂ ಅಲ್ಲಿಂದಲೇ. ಹತ್ತು ವರ್ಷಕ್ಕೆ ಅದೇ ನೆರೆಯವರು ಬಂದೂಕು ಹಿಡಿದು ಬಂದಿಳಿದರು.

ಜಗಳ ಮಾತ್ರ ಬಹಳ ಹಳೇದು. 1764ರಲ್ಲಿ ಅಲ್ಲಿ ಮೊದಲು ಊರು ಕಟ್ಟಿದವರು ಫ್ರೆಂಚರು. ಅವರ ಸೇಂಟ್ ಮಾಲೋ ಬಂದರಿನ ಹೆಸರಿನಿಂದಲೇ ಅರ್ಜೆಂಟೀನಾದವರು ಈ ದ್ವೀಪಗಳನ್ನು ಕರೆಯುವ ‘ಮಾಲ್ವಿನಾಸ್’ ಹುಟ್ಟಿದ್ದು. ಬ್ರಿಟಿಷರು ಪಕ್ಕದ ಇನ್ನೊಂದು ದ್ವೀಪದಲ್ಲಿ ನೆಲೆ ಹೂಡಿದರು. ಫ್ರೆಂಚರು ತಮ್ಮ ಪಾಲನ್ನು ಸ್ಪೇನ್‌ಗೆ ಒಪ್ಪಿಸಿದರು. 1774ರಲ್ಲಿ ಬ್ರಿಟಿಷರು ಜಾಗ ಖಾಲಿ ಮಾಡಿದರು, ಆದರೆ ಬಸ್ಸಿನ ಸೀಟಿಗೆ ಟವೆಲ್ ಹಾಕಿ ಇಳಿದು ಹೋದ ಹಾಗೆ ‘ಇದು ನಮ್ಮದು’ ಅಂತ ಒಂದು ಫಲಕ ಬಿಟ್ಟು ಹೋದರು! 1811ರಲ್ಲಿ ಸ್ಪೇನ್ ಕೂಡ ಹೊರಟಿತು. ಸ್ಪೇನ್‌ನ ಆಸ್ತಿ ನಮಗೇ ಬರಬೇಕು ಅಂತ 1820ರಲ್ಲಿ ಅರ್ಜೆಂಟೀನಾ ಕಡೆಯವರು ಬಾವುಟ ಹಾರಿಸಿದರು. 1833ರ ಜನವರಿಯಲ್ಲಿ ಬ್ರಿಟಿಷರು ಹಡಗಿನಲ್ಲಿ ಬಂದು ಆ ಬಾವುಟ ಇಳಿಸಿದರು. ಅರ್ಜೆಂಟೀನಾದವರ ಹೊಟ್ಟೆಯುರಿ ಇವತ್ತಿಗೂ ಅದೇ ಇಸವಿಯದ್ದು.

ದ್ವೀಪ ಅರ್ಜೆಂಟೀನಾ ಕರಾವಳಿಯಿಂದ ಸುಮಾರು 480 ಕಿ.ಮೀ., ಬ್ರಿಟನ್‌ನಿಂದ ಹತ್ತಿರ ಹತ್ತಿರ 13,000 ಕಿ.ಮೀ. 1982ರಲ್ಲಿ ಜನ 1,800ರಷ್ಟು, ಕುರಿಗಳು ಲಕ್ಷಗಟ್ಟಲೆ. ಲಂಡನ್‌ಗೆ ಇದು ಬೇಡದ ಖರ್ಚು. 1980ರಲ್ಲಿ ಸಚಿವ ನಿಕೋಲಸ್ ರಿಡ್ಲೆ ಒಂದು ಉಪಾಯ ತಂದರು: ಹಕ್ಕು ಅರ್ಜೆಂಟೀನಾಕ್ಕೆ ಬರೆದುಕೊಟ್ಟು, ನಾವು ಗುತ್ತಿಗೆಗೆ ಇಟ್ಟುಕೊಳ್ಳೋಣ. ದ್ವೀಪದವರು ಒಪ್ಪಲಿಲ್ಲ, ಸಂಸತ್ತಿನಲ್ಲೂ ಮಂಗಳಾರತಿಯಾಯಿತು. ಆದರೆ ಮರುವರ್ಷವೇ ಬ್ರಿಟನ್ ಅಲ್ಲಿ ಓಡಾಡುತ್ತಿದ್ದ ಗಸ್ತು ಹಡಗು ಎಂಡ್ಯೂರೆನ್ಸನ್ನು ವಾಪಸ್ ಕರೆಸುತ್ತೇವೆ ಅಂದಿತು, ಹೊಸ ಪೌರತ್ವ ಕಾಯ್ದೆ ತಂದು ಎಷ್ಟೋ ದ್ವೀಪವಾಸಿಗಳ ಪೂರ್ಣ ಪೌರತ್ವಕ್ಕೂ ಕತ್ತರಿ ಹಾಕಿತು. ಇದನ್ನೆಲ್ಲ ನೋಡಿದ ಯಾರಿಗಾದರೂ ಏನನ್ನಿಸುತ್ತೆ? ಇವರಿಗೆ ಇದು ಬೇಕಾಗಿಲ್ಲ ಅಂತ ತಾನೇ.

ಅರ್ಜೆಂಟೀನಾ ರಾಜಧಾನಿ ಬ್ಯೂನಸ್ ಐರಿಸ್‌ನ ಸೇನಾ ಆಡಳಿತಕ್ಕೆ ಹಾಗೇ ಅನ್ನಿಸಿತು. ಸೇನಾಧಿಕಾರಿ ಗಾಲ್ಟಿಯೇರಿ ಅಧಿಕಾರದಲ್ಲಿದ್ದರು. ಬೆಲೆ ಏರಿಕೆಯಿಂದ ಜನ ಕಂಗೆಟ್ಟಿದ್ದರು, ಸಾವಿರಾರು ಜನರನ್ನು ಸೇನೆ ಎತ್ತಿಕೊಂಡು ಹೋಗಿ ಕಾಣೆಯಾಗಿಸಿತ್ತು. 1982ರ ಮಾರ್ಚ್ 30ರಂದು ಕಾರ್ಮಿಕರು ಬೀದಿಗಿಳಿದಾಗ ಪೊಲೀಸರು ಬಡಿದರು. ಏಪ್ರಿಲ್ 2ಕ್ಕೆ ಸೇನೆ ದ್ವೀಪ ಹಿಡಿಯಿತು ನೋಡಿ, ರಾಜಧಾನಿಯ ಮೇಯೊ ಚೌಕದ ತುಂಬ ಜೈಕಾರ! ದ್ವೀಪದ ಸ್ಟ್ಯಾನ್ಲಿ ಪಟ್ಟಣಕ್ಕೆ ಹೊಸ ಹೆಸರು ಬಂತು. ಇನ್ನು ಮೇಲೆ ರಸ್ತೆಯ ಬಲಗಡೆ ಗಾಡಿ ಓಡಿಸಿ ಅಂತ ಆಜ್ಞೆಯೂ ಬಂತು.

ಬ್ರಿಟನ್ ಪ್ರಧಾನಿ ಥ್ಯಾಚರ್ ಸುಮ್ಮನೆ ಕೂರುವುದಿಲ್ಲ ಅನ್ನುವುದೊಂದು ಸೇನಾ ಆಡಳಿತದ ಲೆಕ್ಕದಲ್ಲಿರಲಿಲ್ಲ. ಮೂರೇ ದಿನಕ್ಕೆ ಬ್ರಿಟನ್ ನೌಕಾಪಡೆ ಹೊರಟಿತು. ಅದರ ಮುಖ್ಯ ಹಡಗು ಹರ್ಮಿಸ್ ನಮಗೂ ಗೊತ್ತಿರುವುದೇ: 1987ರಲ್ಲಿ ಐಎನ್‌ಎಸ್ ವಿರಾಟ್ ಅಂತ ನಮ್ಮ ನೌಕಾಪಡೆಗೆ ಸೇರಿ 2017ರವರೆಗೆ ದುಡಿಯಿತು. ಮೇ 2ರಂದು ಬ್ರಿಟಿಷ್ ಜಲಾಂತರ್ಗಾಮಿಯೊಂದು ಅರ್ಜೆಂಟೀನಾದ ಬೆಲ್‌ಗ್ರಾನೊ ಯುದ್ಧನೌಕೆಯನ್ನು ಮುಳುಗಿಸಿತು, 323 ಜನ ಸತ್ತರು. ಎರಡೇ ದಿನಕ್ಕೆ ಅರ್ಜೆಂಟೀನಾದ ಎಕ್ಸೋಸೆಟ್ ಕ್ಷಿಪಣಿ ಬಡಿದು ಬ್ರಿಟನ್‌ನ ಶೆಫೀಲ್ಡ್ ಯುದ್ಧನೌಕೆ ಹೊತ್ತಿ ಉರಿಯಿತು. ಜೂನ್ 14ಕ್ಕೆ ಅರ್ಜೆಂಟೀನಾ ಸೇನೆ ಶರಣಾಯಿತು. ಒಟ್ಟು ಸತ್ತವರು ಅರ್ಜೆಂಟೀನಾದ 649, ಬ್ರಿಟನ್‌ನ 255 ಮಂದಿ. ದ್ವೀಪದ ಮೂವರು ಹೆಂಗಸರು ಸತ್ತದ್ದು ಬ್ರಿಟಿಷರದೇ ಶೆಲ್ ಬಿದ್ದು.

ಗಾಲ್ಟಿಯೇರಿ ಕುರ್ಚಿ ಹೋಯಿತು, ಮರುವರ್ಷ ಅಲ್ಲಿ ಚುನಾವಣೆ ನಡೆಯಿತು. ದ್ವೀಪದವರಿಗೆ 1983ರಲ್ಲಿ ಪೂರ್ಣ ಪೌರತ್ವ ಸಿಕ್ಕಿತು. ಗುತ್ತಿಗೆಯ ಮಾತನ್ನು ಈಗ ಲಂಡನ್‌ನಲ್ಲಿ ಎತ್ತಿದವರು ಉಳಿಯುವುದು ಕಷ್ಟ. 2013ರ ಜನಮತದಲ್ಲಿ ಬ್ರಿಟನ್ ಜೊತೆಗೇ ಇರುತ್ತೇವೆ ಅಂದವರು 1,513, ಬೇಡ ಅಂದವರು 3.

ಅರ್ಜೆಂಟೀನಾದ ಪಡೆಯಲ್ಲಿ ಬಹಳಷ್ಟು ಜನ ಕಡ್ಡಾಯ ಸೇವೆಗೆ ಬಂದಿದ್ದ ಹುಡುಗರು. ಅರ್ಜೆಂಟೀನಾದ ಕೊರಿಯೆಂಟೆಸ್‌ನಂಥ ಬಿಸಿಲ ಸೀಮೆಯವರು ನೀರು ತುಂಬಿದ ಕಂದಕದಲ್ಲಿ ದಿನಗಟ್ಟಲೆ ನಿಂತು ಕಾಲು ಕೊಳೆಸಿಕೊಂಡರು. ಸತ್ತವರಲ್ಲಿ ಎಷ್ಟೋ ಜನರ ಗುರುತು ಸಿಗದೆ, ದ್ವೀಪದ ಡಾರ್ವಿನ್ ಸ್ಮಶಾನದ ಕಲ್ಲುಗಳ ಮೇಲೆ ‘ದೇವರಿಗಷ್ಟೇ ಗೊತ್ತಿರುವ ಅರ್ಜೆಂಟೀನಾದ ಸೈನಿಕ’ ಅಂತ ಕೆತ್ತಿದ್ದರು. 2017ರಲ್ಲಿ ರೆಡ್‌ಕ್ರಾಸ್‌ನವರು ಸಮಾಧಿ ತೆಗೆದು ಡಿಎನ್‌ಎ ಪರೀಕ್ಷೆ ಮಾಡಿಸಿದ ಮೇಲೆ, ನೂರಕ್ಕೂ ಹೆಚ್ಚು ಹುಡುಗರಿಗೆ ಅವರ ಹೆಸರು ವಾಪಸ್ ಸಿಕ್ಕಿತು.