ಬೀರುವಿನಲ್ಲಿ ಸಿಕ್ಕ ಹಳೆ ವಿಸ್ಕಿ ಬಾಟಲಿಗೆ ನಿಜಕ್ಕೂ ಬೆಲೆ ಇದೆಯಾ?

ಓದುಗರ ಪ್ರಶ್ನೆ: ನಾವು ಬಳ್ಳಾರಿಯವರು. ಅಪ್ಪ ತೀರಿಕೊಂಡ ಮೇಲೆ ಅವರ ಬೀರು ಖಾಲಿ ಮಾಡುವಾಗ ಸೀಲ್ ಒಡೆಯದ ಮೂರು ವಿಸ್ಕಿ ಬಾಟಲಿ ಸಿಕ್ಕವು. ಎರಡು ಫಾರಿನ್, ಒಂದು ನಮ್ಮ ದೇಶದ್ದು. ಮೂವತ್ತು ವರ್ಷದಷ್ಟು ಹಳೆಯವು ಇರಬೇಕು. ಹಳೆ ವಿಸ್ಕಿ ಲಕ್ಷಗಟ್ಟಲೆ ಬೆಲೆ ಬಾಳುತ್ತೆ ಅಂತ ಸ್ನೇಹಿತರು ಹೇಳ್ತಾರೆ. ನಿಜಾನಾ? ಇಂಥ ಬಾಟಲಿಗಳನ್ನು ಹುಡುಕಿ ಕೂಡಿಡಬೇಕು ಅಂದರೆ ನಮ್ಮ ಊರಲ್ಲಿ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಈ ಪ್ರಶ್ನೆ ನಮ್ಮ ಕಡೆಯಿಂದ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಕಾರಣವೂ ಇದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ತನಕ ಇಲ್ಲಿ ಅದಿರಿನ ವ್ಯವಹಾರ ಜೋರಾಗಿತ್ತು. ಬಾಟಲಿ ಉಡುಗೊರೆಯಾಗಿ ಕೈ ಬದಲಾಗುತ್ತಿತ್ತು. ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲಿನವರ ಮನೆಗಳಲ್ಲೂ ಅಷ್ಟೇ. ಕುಡಿಯದವರ ಮನೆಗೂ ಬಂದು, ಶೋಕೇಸಿನಲ್ಲೋ ಬೀರುವಿನಲ್ಲೋ ಉಳಿದುಬಿಟ್ಟ ಬಾಟಲಿಗಳು ಈಗ ಮಕ್ಕಳ ಕೈಗೆ ಸಿಗುತ್ತಿವೆ.

ಮೊದಲು ನೇರ ಉತ್ತರ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಬಾಟಲಿಗೆ ಬೆಲೆ ಬರುವುದಿಲ್ಲ. ವಿಸ್ಕಿಗೆ ವಯಸ್ಸಾಗುವುದು ಮರದ ಪೀಪಾಯಿಯಲ್ಲಿ. ಗಾಜಿನ ಒಳಗೆ ಹೋದ ದಿನವೇ ಅದರ ವಯಸ್ಸು ನಿಂತುಹೋಗುತ್ತದೆ. ಸ್ಕಾಚ್, ಅಂದರೆ ಸ್ಕಾಟ್‌ಲೆಂಡಿನ ವಿಸ್ಕಿ ಅನ್ನಿಸಿಕೊಳ್ಳಬೇಕಾದರೆ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಲೇಬಲ್ ಮೇಲೆ 12 ವರ್ಷ ಅಂತ ಇದ್ದರೆ, ಒಳಗೆ ಬೆರೆಸಿದ ವಿಸ್ಕಿಗಳಲ್ಲಿ ಅತಿ ಎಳೆಯದಕ್ಕೆ 12 ವರ್ಷ ಆಗಿದೆ ಎಂದು ಅರ್ಥ. ಅದನ್ನು 1990ರಲ್ಲಿ ಕೊಂಡು ಇವತ್ತು ತೆರೆದರೂ ಅದು 12 ವರ್ಷದ್ದೇ. ಹುಣಸೆಹಣ್ಣಿನ ಹಾಗೆ ಇಟ್ಟಷ್ಟೂ ಮಾಗುವ ಸರಕು ಇದಲ್ಲ.

ಹಾಗಾದರೆ ಕೋಟಿಗಟ್ಟಲೆ ಬೆಲೆಯ ಸುದ್ದಿಗಳು? ಅವೂ ನಿಜವೇ. 2023ರ ನವೆಂಬರ್‌ನಲ್ಲಿ ಲಂಡನ್‌ನ ಸದಬೀಸ್ ಹರಾಜಿನಲ್ಲಿ ಸ್ಕಾಟ್‌ಲೆಂಡಿನ ಮಕ್ಯಾಲನ್ ಕಂಪನಿಯ 1926ರ ವಿಸ್ಕಿಯ ಒಂದು ಬಾಟಲಿ ಸುಮಾರು 21.8 ಲಕ್ಷ ಪೌಂಡಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 22 ಕೋಟಿ ರೂಪಾಯಿಗೂ ಜಾಸ್ತಿ. ಆದರೆ ಅದರ ಕಥೆ ಬೇರೆ. 1926ರಲ್ಲಿ ಭಟ್ಟಿ ಇಳಿಸಿದ ವಿಸ್ಕಿ 60 ವರ್ಷ ಒಂದೇ ಪೀಪಾಯಿಯಲ್ಲಿತ್ತು. 1986ರಲ್ಲಿ ಬಾಟಲಿಗೆ ತುಂಬಿದಾಗ ಸಿಕ್ಕಿದ್ದು 40 ಬಾಟಲಿ ಮಾತ್ರ. ಅವುಗಳಲ್ಲಿ 12ಕ್ಕೆ ಇಟಲಿಯ ಕಲಾವಿದ ವಲೇರಿಯೊ ಅಡಾಮಿ ಲೇಬಲ್ ಬರೆದಿದ್ದರು. ಹರಾಜಾಗಿದ್ದು ಆ 12ರಲ್ಲಿ ಒಂದು.

ಇನ್ನು ಕೆಲವಕ್ಕೆ ಬೆಲೆ ಬಂದಿದ್ದು ಡಿಸ್ಟಿಲರಿಯೇ, ಅಂದರೆ ಭಟ್ಟಿ ಇಳಿಸುವ ಕಾರ್ಖಾನೆಯೇ ಮುಚ್ಚಿಹೋಗಿದ್ದರಿಂದ. ಸ್ಕಾಟ್‌ಲೆಂಡಿನ ಪೋರ್ಟ್ ಎಲೆನ್ ಮತ್ತು ಬ್ರೋರಾ 1983ರಲ್ಲಿ ಬಾಗಿಲು ಹಾಕಿದವು. ರೋಸ್‌ಬ್ಯಾಂಕ್ 1993ರಲ್ಲಿ, ಜಪಾನಿನ ಕರುಯಿಝಾವ 2000ದಲ್ಲಿ ನಿಂತಿತು. ಸ್ಕಾಟ್‌ಲೆಂಡಿನ ಮೂರೂ ಈಗ ಮತ್ತೆ ಶುರುವಾಗಿವೆ. ಆದರೆ ಆ ಹಳೆ ಪೀಪಾಯಿಗಳ ವಿಸ್ಕಿಯನ್ನು ಯಾರೂ ಮತ್ತೆ ಮಾಡಲಾರರು. ಕಡಿಮೆ ತಯಾರಾಗಿರಬೇಕು, ಮತ್ತೆ ತಯಾರಾಗುವಂತಿರಬಾರದು, ಬೇಕೆನ್ನುವವರು ಇರಬೇಕು. ಈ ಮೂರೂ ಸೇರಿದಾಗ ಮಾತ್ರ ಬೆಲೆ.

ನಮ್ಮ ಮನೆಗಳಲ್ಲಿ ಸಿಗುವ ಫಾರಿನ್ ಬಾಟಲಿಗಳು ಸಾಮಾನ್ಯವಾಗಿ ಏರ್‌ಪೋರ್ಟಿನ ಡ್ಯೂಟಿ ಫ್ರೀ ಅಂಗಡಿಯ ಹೆಸರುವಾಸಿ ಬ್ಲೆಂಡ್‌ಗಳು, ಅಂದರೆ ಬೇರೆ ಬೇರೆ ಡಿಸ್ಟಿಲರಿಗಳ ವಿಸ್ಕಿ ಬೆರೆಸಿ ಮಾಡಿದವು. ಅವು ಪ್ರಪಂಚದ ತುಂಬ ಇವೆ. ಪಿಂಗಾಣಿಯಲ್ಲಿ ಬಂದ ಉಡುಗೊರೆ ಬಾಟಲಿಗಳದ್ದೂ ಅದೇ ಕಥೆ. 1981ರಲ್ಲಿ ಚಾರ್ಲ್ಸ್ ಮತ್ತು ಡಯಾನಾ ಮದುವೆಗೆಂದು ಬೆಲ್ಸ್ ಕಂಪನಿ ಗಂಟೆಯಾಕಾರದ ಪಿಂಗಾಣಿ ಬಾಟಲಿ ತಂದಿತ್ತು. ನೋಡಲು ಬಹಳ ಚೆಂದ, ಆದರೆ ತಯಾರಾಗಿದ್ದೂ ಬಹಳ. ಬಂದವರೆಲ್ಲ ಎತ್ತಿಟ್ಟಿದ್ದರಿಂದ ಇವತ್ತಿಗೂ ಅದಕ್ಕೆ ದೊಡ್ಡ ಬೆಲೆ ಇಲ್ಲ. ಪಿಂಗಾಣಿ ಬಾಟಲಿ ನಿಮ್ಮಲ್ಲಿದ್ದರೆ ಒಮ್ಮೆ ಅಲ್ಲಾಡಿಸಿ, ತೂಕ ನೋಡಿ. ಹೊರಗೆ ಸೀಲ್ ಗಟ್ಟಿಯಾಗಿದ್ದರೂ ಒಳಗಿನದು ಅರ್ಧಕ್ಕರ್ಧ ಆರಿಹೋಗಿರಬಹುದು.

ಈಗ ನಿಮ್ಮ ಮೂರನೇ ಬಾಟಲಿ, ಅಂದರೆ ನಮ್ಮ ದೇಶದ್ದು. ಹೆಚ್ಚಿನವರು ಇದನ್ನು ಪಕ್ಕಕ್ಕೆ ತಳ್ಳಿ ಫಾರಿನ್ ಬಾಟಲಿಗಳನ್ನೇ ಒರೆಸಿ ಇಡುತ್ತಾರೆ. ನಾನಾದರೆ ಮೊದಲು ಕೈಗೆ ತೆಗೆದುಕೊಳ್ಳುವುದು ಇದನ್ನೇ. ಹಳೆ ಸ್ಕಾಚ್‌ಗಳ ಲೇಬಲ್ಲು, ಬಾಟಲಿ ಎಲ್ಲಕ್ಕೂ ಅಲ್ಲಿ ದಾಖಲೆ ಇದೆ, ಸಂಗ್ರಹಕಾರರ ದಂಡೇ ಇದೆ. ನಮ್ಮ ಹಳೆ ವಿಸ್ಕಿಗಳನ್ನು ಯಾರೂ ಎತ್ತಿಡಲಿಲ್ಲ. ಕುಡಿದರು, ಬಾಟಲಿ ಗುಜರಿಗೆ ಹೋಯಿತು. ಬೆಂಗಳೂರಿನ ಖೋಡೆಯವರ ಪೀಟರ್ ಸ್ಕಾಟ್ ಮಾರುಕಟ್ಟೆಗೆ ಬಂದಿದ್ದು 1968ರಲ್ಲಿ. 'ಸ್ಕಾಟ್' ಅನ್ನುವ ಹೆಸರು ಬಳಸಬಾರದು ಎಂದು ಸ್ಕಾಚ್ ವಿಸ್ಕಿ ಅಸೋಸಿಯೇಷನ್ ಹೂಡಿದ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಗಿ, 2008ರಲ್ಲಿ ಖೋಡೆಯವರ ಪರವಾಗಿ ತೀರ್ಪು ಬಂತು. ಇಷ್ಟೆಲ್ಲ ಚರಿತ್ರೆ ಇರುವ ವಿಸ್ಕಿಯ ಆರಂಭದ ವರ್ಷಗಳ ಬಾಟಲಿ ಸೀಲ್ ಸಮೇತ ಯಾರ ಮನೆಯಲ್ಲಾದರೂ ಸಿಕ್ಕರೆ ನನಗಂತೂ ಅದೇ ಅಪರೂಪ. ಹರಾಜಿನಲ್ಲಿ ಅದಕ್ಕೆ ಎಷ್ಟು ಬರುತ್ತದೆ ಅನ್ನುವುದು ಬೇರೆ ಮಾತು.

ಬಾಟಲಿ ಯಾವ ಕಾಲದ್ದು ಎಂದು ತಿಳಿಯಲು ಲೇಬಲ್‌ನ ಸಣ್ಣ ಅಕ್ಷರ ಓದಬೇಕು. ಬ್ರ್ಯಾಂಡಿನ ಹೆಸರಿಗಿಂತ ಕೆಳಗಿರುವ ವಿಳಾಸ ಮುಖ್ಯ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಪಿನ್‌ಕೋಡ್ ಶುರುವಾಗಿದ್ದೇ ಅವತ್ತು. ರಾಜ್ಯದ ಹೆಸರು ಮೈಸೂರು ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು ಎಂದು ಊಹಿಸಬಹುದು. ಬಾಂಬೆ ಎಂದಿದ್ದರೆ 1995ಕ್ಕೂ ಮುಂಚಿನದು, ಮದ್ರಾಸ್ ಎಂದಿದ್ದರೆ 1996ಕ್ಕೂ ಮುಂಚಿನದು ಇರಬಹುದು. ಮುದ್ರಿಸಿಟ್ಟ ಹಳೆ ಲೇಬಲ್ ಮುಗಿಯುವ ತನಕ ಬಳಸುವವರೂ ಇರುತ್ತಾರೆ. ಹಾಗಾಗಿ ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಿ. ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಹೇಳಿದ ಎಚ್ಚರಿಕೆಯ ಸಾಲು ದೊಡ್ಡದಾಗಿ ಇದ್ದರೆ ಅದು 2019ರಿಂದ ಈಚಿನದು. ಅಂಥದ್ದನ್ನು ಅಜ್ಜನ ಕಾಲದ್ದು ಎಂದು ಯಾರಾದರೂ ತೋರಿಸಿದರೆ ಅಲ್ಲಿಗೇ ಮಾತು ಮುಗಿಸಿ.

ನಮ್ಮ ಹಳೆ ಬಾಟಲಿಗಳ ಮೇಲೆ '75 ಡಿಗ್ರಿ ಪ್ರೂಫ್' ಅಥವಾ '25 ಯು.ಪಿ.' (ಅಂಡರ್ ಪ್ರೂಫ್, ಅಂದರೆ ನೂರಕ್ಕೆ 25 ಕಡಿಮೆ) ಎಂದು ಕಾಣುತ್ತದೆ. ಎರಡೂ ಒಂದೇ. ಬ್ರಿಟಿಷರ ಲೆಕ್ಕದಲ್ಲಿ 100 ಡಿಗ್ರಿ ಪ್ರೂಫ್ ಅಂದರೆ ಶೇ 57.1 ಆಲ್ಕೋಹಾಲ್. ಅದರ ಮುಕ್ಕಾಲು ಪಾಲು ಶೇ 42.8. ಇವತ್ತಿಗೂ ನಮ್ಮ ವಿಸ್ಕಿಗಳ ಮೇಲೆ ಈ 42.8 ಎಂಬ ವಿಚಿತ್ರ ಅಂಕಿ ಇರುವುದು ಅದೇ ಕಾರಣಕ್ಕೆ. ಬ್ರಿಟನ್ನಿನ ಮಾರುಕಟ್ಟೆಯ ಸ್ಕಾಚ್ ಆದರೆ ಅಳತೆ ನೋಡಿ. 75 ಸೆಂಟಿಲೀಟರ್ ಎಂದಿದ್ದರೆ ಹೆಚ್ಚುಕಡಿಮೆ 1980ರ ದಶಕದ್ದು. 1990ರ ದಶಕದ ಆರಂಭಕ್ಕೆ ಯುರೋಪಿನಲ್ಲಿ 70 ಸೆಂಟಿಲೀಟರ್ ಬಂತು. ನಮ್ಮಲ್ಲಿ ಈಗಲೂ 750 ಮಿಲಿಲೀಟರೇ ಇದೆ, ಆದ್ದರಿಂದ ಈ ಗುರುತು ನಮ್ಮ ಬಾಟಲಿಗೆ ನಡೆಯುವುದಿಲ್ಲ.

ಕಾಲ ಗೊತ್ತಾದ ಮೇಲೆ ಸ್ಥಿತಿ. ಬಾಟಲಿಯನ್ನು ಬೆಳಕಿಗೆ ಹಿಡಿದು ಮಟ್ಟ ನೋಡಿ. ಕತ್ತಿನವರೆಗೆ ಇದ್ದರೆ ಚೆನ್ನಾಗಿದೆ. ಭುಜಕ್ಕಿಂತ ಕೆಳಗೆ ಇಳಿದಿದ್ದರೆ ಮುಚ್ಚಳ ಗಾಳಿ ಬಿಟ್ಟಿದೆ, ರುಚಿಯೂ ಬೆಲೆಯೂ ಎರಡೂ ಹೋಗಿರುತ್ತವೆ. ನಮ್ಮ ಊರಿನ ಬಿಸಿಲು ಇದಕ್ಕೆ ದೊಡ್ಡ ಶತ್ರು. ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಸೂರಿನ ಕೆಳಗೆ, ಮೇಲಿನ ಮಹಡಿಯ ಕಬ್ಬಿಣದ ಬೀರುವಿನಲ್ಲಿ ಇಟ್ಟರೆ ಒಳಗಿನದು ಹಿಗ್ಗಿ ಕುಗ್ಗಿ ಬಿರಡೆಯನ್ನು ಸಡಿಲ ಮಾಡುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು, ನೆಲಮನೆಯ ಗೋಡೆಯ ಗೂಡಿನಲ್ಲಿ ತಂಪಾಗಿ ಉಳಿಯುತ್ತದೆ. ಉಳಿದವರು ನೆಲಮಹಡಿಯಲ್ಲಿ, ಬೆಳಕು ಬೀಳದ ಕಡೆ ಇಡಿ. ಬಾಟಲಿ ನಿಲ್ಲಿಸಿಯೇ ಇಡಬೇಕು. ವೈನ್ ಬಾಟಲಿ ಮಲಗಿಸುತ್ತಾರೆ ಅಂತ ಇದನ್ನೂ ಮಲಗಿಸಬೇಡಿ, ವಿಸ್ಕಿಯ ಆಲ್ಕೋಹಾಲ್ ಬಿರಡೆಯನ್ನು ತಿಂದುಹಾಕುತ್ತದೆ. ಡಬ್ಬಿ, ಪೆಟ್ಟಿಗೆ, ಬಿಲ್ಲು ಇದ್ದರೆ ಎಸೆಯಬೇಡಿ.

ಇನ್ನು ನಕಲಿ. ಈ ಮಾತನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. 2017ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನ ಒಂದು ಹೋಟೆಲಿನಲ್ಲಿ ಚೀನಾದಿಂದ ಬಂದ ಗಿರಾಕಿಯೊಬ್ಬರು 1878ರ ಮಕ್ಯಾಲನ್ ಎಂದು ಒಂದು ಪೆಗ್ಗಿಗೆ ಸುಮಾರು 10 ಸಾವಿರ ಸ್ವಿಸ್ ಫ್ರಾಂಕ್ ಕೊಟ್ಟರು. ಅನುಮಾನ ಬಂದು ವಿಸ್ಕಿಯನ್ನು ಲ್ಯಾಬಿಗೆ ಕಳಿಸಿದಾಗ ಅದು 1970ರ ಆಸುಪಾಸಿನದು, ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ) ಕೂಡ ಅಲ್ಲ, ಬ್ಲೆಂಡ್ ಎಂದು ಗೊತ್ತಾಯಿತು. ಹೋಟೆಲಿನವರು ಹಣ ವಾಪಸ್ ಕೊಟ್ಟರು. ಪತ್ತೆ ಆಗಿದ್ದು ಹೇಗೆ ಗೊತ್ತಾ? 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಇಂಗಾಲ ಹೆಚ್ಚಾಯಿತು. ಗಾಳಿಯಿಂದ ಬಾರ್ಲಿಗೆ, ಬಾರ್ಲಿಯಿಂದ ವಿಸ್ಕಿಗೆ ಅದು ಇಳಿಯುತ್ತದೆ. ಅದನ್ನು ಅಳೆದರೆ ಬಾರ್ಲಿ ಬೆಳೆದ ಕಾಲ ಸಿಗುತ್ತದೆ. 2018ರಲ್ಲಿ ಸ್ಕಾಟ್‌ಲೆಂಡಿನ ಒಂದು ಪ್ರಯೋಗಾಲಯ ಹೀಗೆ 55 ಹಳೆ ಬಾಟಲಿ ಪರೀಕ್ಷಿಸಿತು. 21 ನಕಲಿ.

ಅದು ವಿದೇಶದ ಮಾತಾಯಿತು. ನಮ್ಮಲ್ಲಿ ನಕಲಿ ಇನ್ನೂ ಸುಲಭ, ಯಾಕಂದರೆ ಖಾಲಿ ಫಾರಿನ್ ಬಾಟಲಿಗೆ ಗುಜರಿಯಲ್ಲೇ ಬೆಲೆ ಇದೆ. ಮುಚ್ಚಳ, ಡಬ್ಬಿ ಸಮೇತ ಆದರೆ ಇನ್ನೂ ಜಾಸ್ತಿ. ಆ ಬಾಟಲಿಯಲ್ಲಿ ಮತ್ತೆ ಏನು ತುಂಬುತ್ತಾರೆ ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಮೆಥನಾಲ್ ಇದ್ದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ದಯವಿಟ್ಟು ಖಾಲಿ ಬಾಟಲಿಯನ್ನು ಹಾಗೇ ಗುಜರಿಗೆ ಹಾಕಬೇಡಿ. ಲೇಬಲ್ ಕೆರೆದು, ಮುಚ್ಚಳ ಹಾಳುಮಾಡಿ ಹಾಕಿ. ವಾಟ್ಸಾಪ್‌ನಲ್ಲಿ 'ಮಿಲಿಟರಿ ಕ್ಯಾಂಟೀನ್ ಮಾಲು', 'ದುಬೈ ಮಾಲು' ಅಂತ ಬರುವುದನ್ನು ಮುಟ್ಟಲೇಬೇಡಿ. ಕ್ಯಾಂಟೀನ್ ಬಾಟಲಿ ಹೊರಗೆ ಮಾರುವಂತೆಯೇ ಇಲ್ಲ.

ಮಾರುವ ಮಾತು ಬಂದಿದ್ದರಿಂದ ಹೇಳುತ್ತೇನೆ. ಲೈಸೆನ್ಸ್ ಇಲ್ಲದವರು ಮದ್ಯ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಸೀಲ್ ಒಡೆಯದ ಒಂದೇ ಬಾಟಲಿ ಆದರೂ ಅಷ್ಟೇ, ಅಪ್ಪ ಬಿಟ್ಟುಹೋದದ್ದಾದರೂ ಅಷ್ಟೇ. ಹಾಗಾಗಿ ನಿಮ್ಮ ಬಾಟಲಿಗೆ ವಿದೇಶದ ಹರಾಜಿನ ಬೆಲೆ ನೋಡಿ ಇಲ್ಲಿ ಲೆಕ್ಕ ಹಾಕುವುದು ವ್ಯರ್ಥ. ಮನೆಯಲ್ಲಿ ಎಷ್ಟು ಲೀಟರ್ ಇಟ್ಟುಕೊಳ್ಳಬಹುದು ಎಂಬುದಕ್ಕೂ ಮಿತಿ ಇದೆ. ಸಂಗ್ರಹ ಬೆಳೆಸುವ ಆಸೆ ಇದ್ದರೆ ಮೊದಲು ಅಬಕಾರಿ ಕಚೇರಿಗೆ ಹೋಗಿ ಸದ್ಯದ ನಿಯಮ ಕೇಳಿ. ನಮ್ಮದು ಗಡಿ ಸೀಮೆ ಬೇರೆ. ಗುಂತಕಲ್ಲು, ಆದೋನಿ, ಗದ್ವಾಲ ಎಲ್ಲ ಕೈಯಳತೆಯಲ್ಲಿವೆ. ಗೋವಾಕ್ಕೆ ಬಳ್ಳಾರಿ, ಕೊಪ್ಪಳದಿಂದಲೇ ರೈಲಿದೆ. ಅಲ್ಲಿ ಸಿಕ್ಕಿತು ಅಂತ ಪರ್ಮಿಟ್ ಇಲ್ಲದೆ ಬ್ಯಾಗಿನಲ್ಲಿ ಹಾಕಿಕೊಂಡು ಬಂದರೆ ಕೇಸು ಬೀಳುತ್ತದೆ.

ಹಾಗಾದರೆ ಹುಡುಕುವುದು ಎಲ್ಲಿ? ಹೊರದೇಶದಿಂದ ಬರುವ ನಂಟರಿದ್ದರೆ ಅದು ಒಂದು ದಾರಿ. ಪ್ರಯಾಣಿಕರು ತಲಾ 2 ಲೀಟರ್ ಸುಂಕವಿಲ್ಲದೆ ತರಬಹುದು. ಏನು ಬೇಕು ಎಂದು ಹೆಸರು ಬರೆದುಕೊಡಿ, ಬಿಲ್ ತರಲು ಹೇಳಿ. ಇನ್ನೊಂದು ದಾರಿ ನಮ್ಮೂರಿನ ವೈನ್ ಶಾಪೇ. ರಾಜ್ಯದಲ್ಲಿ ಸಗಟು ಮದ್ಯವೆಲ್ಲ ಪಾನೀಯ ನಿಗಮದ ಡಿಪೋದಿಂದಲೇ ಬರುತ್ತದೆ. ಹೊಸ ಸರಕು ಏನು ಬಂದಿದೆ ಎನ್ನುವುದು ಮಾಲೀಕರಿಗೆ ಗೊತ್ತಿರುತ್ತದೆ. ಪರಿಚಯ ಮಾಡಿಕೊಂಡು, ಇಂಥದ್ದು ಬಂದರೆ ಹೇಳಿ ಅಂದರೆ ಇಂಡೆಂಟ್ ಹಾಕುವಾಗ ನೆನಪಿಟ್ಟುಕೊಳ್ಳುತ್ತಾರೆ. ಸೀಮಿತ ಆವೃತ್ತಿಗಳು ಮೊದಲು ಬೆಂಗಳೂರಿಗೇ ಹೋಗುತ್ತವೆ, ಅದಕ್ಕೆ ತಾಳ್ಮೆ ಬೇಕು.

ಏನು ಕೊಳ್ಳಬೇಕು ಅಂದರೆ ನನ್ನ ಉತ್ತರ ಒಂದೇ: ನಮ್ಮ ದೇಶದ ಸಿಂಗಲ್ ಮಾಲ್ಟ್. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು 2004ರಲ್ಲಿ, ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ. ಸ್ಕಾಚ್‌ನ ಊರಿಗೇ ಹೋಗಿ ನಿಂತರು. ನಮ್ಮ ಬಾರ್ಲಿ ಮತ್ತು ಸ್ಕಾಟ್‌ಲೆಂಡಿನ ಹೊಗೆ ಹಿಡಿಸಿದ ಬಾರ್ಲಿ ಸೇರಿಸಿ ಮಾಡಿದ ಅಮೃತ್ ಫ್ಯೂಷನ್‌ಗೆ ವಿಮರ್ಶಕ ಜಿಮ್ ಮರ್ರೆ 2010ರ ಪಟ್ಟಿಯಲ್ಲಿ ಜಗತ್ತಿನ ಮೂರನೇ ಸ್ಥಾನ ಕೊಟ್ಟರು. ಗೋವಾದಲ್ಲಿ ತಯಾರಾಗುವ ಪಾಲ್ ಜಾನ್ 2012ರಲ್ಲಿ ಬಂತು. ಹರಿಯಾಣದ ಇಂದ್ರಿ 2021ರಲ್ಲಿ ಬಂದು, ಅದರ ದೀಪಾವಳಿ ಆವೃತ್ತಿ 2023ರಲ್ಲಿ ವಿದೇಶದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದಿತು.

ಇವುಗಳಲ್ಲಿ ವಯಸ್ಸಾದ ಬಾಟಲಿ ಅಪರೂಪ ಆಗುವುದಕ್ಕೆ ನಮ್ಮ ಹವೆಯೇ ಕಾರಣ. ಸ್ಕಾಟ್‌ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆರಿದರೆ, ಬೆಂಗಳೂರಿನಲ್ಲಿ ಶೇ 10ಕ್ಕೂ ಜಾಸ್ತಿ ಆರುತ್ತದೆ. ಅಲ್ಲಿ 12 ವರ್ಷ ಇಡುವುದು ಮಾಮೂಲು, ಇಲ್ಲಿ ಅಷ್ಟು ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದು ಸ್ವಲ್ಪ. ಅಮೃತ್‌ನ ಗ್ರೀಡಿ ಏಂಜೆಲ್ಸ್ 2013ರಲ್ಲಿ ಬರೀ 8 ವರ್ಷದ ವಿಸ್ಕಿಯಾಗಿ ಬಂದರೂ ಸಂಗ್ರಹಕಾರರು ಮುಗಿಬಿದ್ದಿದ್ದು ಅದಕ್ಕೇ. ಅಂಥದ್ದು ಕೈಗೆಟುಕುವ ಬೆಲೆಯದ್ದಲ್ಲ. ಫ್ಯೂಷನ್‌ನಂಥದ್ದು ಎಟುಕುತ್ತದೆ. ಕೊಳ್ಳುವಾಗ ಲೇಬಲ್ ಮೇಲಿನ ಬ್ಯಾಚ್ ನಂಬರು ಮತ್ತು ತಿಂಗಳು ನೋಡಿ, ಎಲ್ಲಿ ಯಾವತ್ತು ಕೊಂಡಿರಿ ಎಂದು ಒಂದು ವಹಿಯಲ್ಲಿ ಬರೆದು ಬಿಲ್ಲನ್ನು ಅದಕ್ಕೇ ಅಂಟಿಸಿ. ಅಪ್ಪನ ಮೂರು ಬಾಟಲಿಗಳನ್ನೂ ಅದೇ ವಹಿಗೆ ಸೇರಿಸಿ. ಯಾರು ಕೊಟ್ಟಿದ್ದು, ಯಾವ ವರ್ಷ ಎಂದು ಅಮ್ಮನಿಗೋ ದೊಡ್ಡಪ್ಪನಿಗೋ ನೆನಪಿರಬಹುದು, ಈಗಲೇ ಕೇಳಿ ಬರೆದಿಡಿ.